ಗೊಂಬೆಯ ಅಳತೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದ ಬಂತು. ಮೂರು ಸಲ ಮಡಿಚಿಟ್ಟೆ, ಮೂರು ಸಲ ಬಿಚ್ಚಿದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೂತವಳು ಎದ್ದು ಹೋಗಿ ಕತ್ತರಿ ಒರೆಸಿ ಬಂದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುತ್ತಿದೆ. ಬೆಳಿಗ್ಗೆ ಒಬ್ಬರ ಅಂಗಿಗೆ ಎರಡೂ ಕಡೆ ಎಡತೋಳನ್ನೇ ಕೂರಿಸಿಬಿಟ್ಟೆ. ಹನ್ನೊಂದು ವರ್ಷದ ಹೊಲಿಗೆಯಲ್ಲಿ ಇದೇ ಮೊದಲು.

ಔಷಧದಂಗಡಿಯವರು "ಸ್ವಲ್ಪ ಸಣ್ಣ ಆದ್ರೆ ಚೆನ್ನಾಗಿ ಕಾಣ್ತೀಯ" ಅಂದರೆಂದು ಹಿಂದಿನ ಕಾಗದದಲ್ಲಿ ಬರೆದಿದ್ದೆನಲ್ಲ, ಅದಕ್ಕೆ ಕೆಂಡ ಕಾರಿದ್ದೀಯ. ಭಾನುವಾರ ಮದುವೆಯ ಮಾತಾಡಲು ಬಂದರೆ ಬಾಗಿಲಲ್ಲೇ ಉತ್ತರ ಕೊಟ್ಟು ಕಳಿಸುತ್ತೇನೆ ಎಂದಿದ್ದೀಯ. ನೀನು ಹಾಗೆ ಮಾಡುವವಳೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನಿನ್ನ ಒಂದೊಂದು ಬೈಗುಳಕ್ಕೂ ನಾನು ಬೆಚ್ಚಿದೆ.

ಮೊನ್ನೆ ನಡೆದದ್ದು ಕೇಳು. ನಮ್ಮ ಅಂಗಡಿಯ ಗಾಜಿನ ಹಿಂದೆ ಬಟ್ಟೆ ತೊಡಿಸಿ ನಿಲ್ಲಿಸಿದ ಗೊಂಬೆ ಇದೆಯಲ್ಲ, ಅದರ ಅಳತೆಗೆ ನಾನೊಂದು ಹಸಿರು ಉಡುಪು ಹೊಲಿದುಕೊಂಡೆ. ನನ್ನ ಅಳತೆ ನನಗೆ ಬಾಯಿಪಾಠ. ಆದರೂ ಟೇಪು ಸುತ್ತಿದ್ದು ಗೊಂಬೆಗೆ. ಗಿರಾಕಿಗಳ ಬಟ್ಟೆಯಲ್ಲಿ ಪಕ್ಕದ ಹೊಲಿಗೆಯ ಒಳಗೆ ಒಂದಿಂಚು ಬಿಡುತ್ತೇನೆ. "ಮನುಷ್ಯ ಅಂದ್ಮೇಲೆ ಮೈ ಬರುತ್ತೆ, ಹೋಗುತ್ತೆ" ಎಂದು ಕಲಿಸಿದವಳು ನೀನೇ. ನನ್ನದರಲ್ಲಿ ಮಾತ್ರ ಆ ಒಂದಿಂಚನ್ನೂ ಕತ್ತರಿಸಿ ಎಸೆದೆ, ಬಿಚ್ಚಿ ಸಡಿಲ ಮಾಡುವ ದಾರಿಯೇ ಇರಬಾರದೆಂದು.

ಅದನ್ನು ತೊಟ್ಟು ಅವರ ಔಷಧದಂಗಡಿಗೆ ಹೋದೆ. ಮೇಲಿನ ಹಲಗೆಯ ಡಬ್ಬಿಗೆ ಕೈ ಚಾಚಿದ್ದೇ ತಡ, ಕಂಕುಳಿಂದ ಸೊಂಟದವರೆಗೆ ಪರ್ರೆಂದಿತು. ಇಬ್ಬರು ಗಿರಾಕಿಗಳ ಎದುರು! ಅವರು ಗಲ್ಲಾ ಬಿಟ್ಟು ಬಂದು ತಮ್ಮ ಬಿಳಿ ಕೋಟು ಬಿಚ್ಚಿ ಹೊದಿಸಿ, "ಉಸಿರಾಡೋಕೂ ಜಾಗ ಇಲ್ದೇ ಇರೋ ಹಾಗೆ ಯಾಕೆ ಹೊಲ್ಕೊಂಡೆ?" ಎಂದರು. ನಿಮಗೋಸ್ಕರವೇ ಎಂದು ಕೂಗಿಬಿಟ್ಟೆ. ನಾನು ಕೋಟಿನ ಸಮೇತ ಓಡಿ ಬಂದೆ. ಅದು ಇಲ್ಲೇ ಗೂಟಕ್ಕೆ ನೇತಾಡುತ್ತಿದೆ, ಕೆಮ್ಮಿನ ಔಷಧದ ವಾಸನೆ.

ಅಮ್ಮ, ಅವರೆಂದರೆ ನನಗೆ ಪ್ರಾಣ. ಆದರೆ ಅವರು ಹೊಗಳಿದ ದಿನ ಮಾತ್ರ ನನಗೆ ನಾನು ಇಷ್ಟವಾಗುತ್ತೇನೆ. ಸುಮ್ಮನಿದ್ದ ದಿನ ಅಂಗಡಿಯ ಕನ್ನಡಿಗೆ ಬಟ್ಟೆ ಹೊದಿಸಿ ಕೆಲಸ ಮಾಡುತ್ತೇನೆ. ಜೀವಮಾನವಿಡೀ ಹೀಗೆ ಇನ್ನೊಬ್ಬರ ಮುಖ ನೋಡಿಕೊಂಡು ಸುಖವಾಗಿರಲು ಆಗುತ್ತದೆಯೇ? ಅವರಿಗಾದರೂ ಎಷ್ಟು ಸುಸ್ತು!

ಸಂಜೆ ಕೋಟು ಕೊಡಲು ಹೋಗಬೇಕು. ಏನು ಹೇಳಲಿ ಎಂದು ಇನ್ನೂ ತೋಚಿಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಹಟಮಾರಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಸಣ್ಣ ಆಗು ಎಂದು ಅವರು ಹೇಳಲೇ ಇಲ್ಲಮ್ಮ. ಅದು ಕನ್ನಡಿಯ ಮುಂದೆ ನಾನೇ ಹೇಳಿಕೊಂಡ ಮಾತು. ನಿನಗೆ ಬರೆಯುವಾಗ ಅವರ ಬಾಯಿಗೆ ಹಾಕಿದೆ. ಸಂಜೆ ಅವರಿಗೂ ಇದನ್ನೇ ಹೇಳುತ್ತೇನೆ. ಕೇಳಿದ ಮೇಲೂ ಭಾನುವಾರ ಬಂದರೆ ಒಳಗೆ ಕರೆದು ಕೂರಿಸು, ಬೈಯುವುದಿದ್ದರೆ ನನ್ನನ್ನು ಬೈ. ಅವರು ಬರಲಿ, ಬಿಡಲಿ, ನಾನಂತೂ ಹಸಿರು ಉಡುಪು ಹಿಡಿದುಕೊಂಡು ಬರುತ್ತೇನೆ. ಪಕ್ಕಕ್ಕೆ ಬೇರೆ ಬಟ್ಟೆ ಕೊಟ್ಟು ಅಗಲ ಮಾಡೋಣ. ಅಳತೆ ಮಾತ್ರ ನೀನು ತೆಗೆ. ಟೇಪು ನನ್ನ ಕೈಗೆ ಕೊಟ್ಟರೆ ಮತ್ತೆ ಸುಳ್ಳು ಹೇಳುತ್ತೇನೆ.