ನೈಲಾನಿನ ಮೇಲೆ ನನ್ನದಲ್ಲದ ಕೈ

ನವೆಂಬರ್ ೧೨, ರಾತ್ರಿ.

ದೆವ್ವವೇ ಇಲ್ಲ ಎನ್ನುವ ಚಿಕ್ಕಪ್ಪನಿಗೆ ಜ್ಞಾನೋದಯ ಮಾಡಿಸುವ ಮಹಾಕಾರ್ಯವನ್ನು ನಿನ್ನೆಯೇ ಆರಂಭಿಸಿದ್ದೆ. ನಾವಿಬ್ಬರೂ ದುಡಿಯುವ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ, ಬಣ್ಣ ಹಿಡಿಯದಂತೆ ತಡೆಯುವ ದ್ರಾವಣದಲ್ಲಿ ಅಂಗೈ ಅದ್ದಿ, ಸುರುಳಿ ಸುತ್ತಿದ ಬಿಳಿ ನೈಲಾನ್ ಬಟ್ಟೆಯ ಥಾನಿನ ತುದಿಗೆ ಒತ್ತಿದೆ. ತುದಿಯನ್ನು ಹೇಗೂ ಕತ್ತರಿಸಿ ಎಸೆಯುತ್ತಾರೆ, ಯಾರಿಗೂ ನಷ್ಟವಿಲ್ಲ.

ಇವತ್ತು ಥಾನು ನೀಲಿಯಾಗಿ ಬಂತು, ತುದಿಯಲ್ಲಿ ಬಿಳಿ ಕೈ. ಬಣ್ಣದ ಮೇಸ್ತ್ರಿಯಾದ ಚಿಕ್ಕಪ್ಪ ಹೆದರಲೇ ಇಲ್ಲ. "ಈ ಮಂಗನ ಕೈ ನಂಗೊತ್ತಿಲ್ವಾ" ಅಂತ ಆ ತುಂಡನ್ನು ಕತ್ತರಿಸಿ ನನಗೇ ಕೊಟ್ಟ. ಥಾನು ಬಿಚ್ಚುತ್ತಾ ಹೋದರೆ ಒಳಗೆ ಇನ್ನೊಂದು ಕೈ. ಆಮೇಲೆ ಮತ್ತೊಂದು.

"ಎಷ್ಟು ಕಡೆ ಒತ್ತಿದೀಯೋ? ಇನ್ನೊಂದು ಥಾನು ಕೆಟ್ರೆ ನನ್ನ ಕೆಲಸ ಹೋಗುತ್ತೆ."

"ಒಂದೇ ಕಡೆ ಚಿಕ್ಕಪ್ಪ, ನಿನ್ನಾಣೆ."

"ಹಾಗಾದ್ರೆ ಸುತ್ತಿದಾಗ ಹಸಿ ದ್ರಾವಣ ಒಳಗೂ ಅಂಟಿರ್ಬೇಕು" ಅಂತ ನನ್ನ ಕೈ ಹಿಡಿದು ಒಳಗಿನ ಗುರುತಿನ ಮೇಲಿಟ್ಟ. ಅದರ ಬೆರಳುಗಳು ನನ್ನವಕ್ಕಿಂತ ಒಂದೊಂದು ಗೆಣ್ಣು ಉದ್ದವಾಗಿದ್ದವು. ಚಿಕ್ಕಪ್ಪ ನನ್ನ ಕೈಯನ್ನು ಬಿಡಲೇ ಇಲ್ಲ.

ಕೊನೆಗೆ ಗುರುತು ಮುಚ್ಚಲಿ ಅಂತ ಇಡೀ ಥಾನಿಗೆ ಕಪ್ಪು ಬಣ್ಣ ಹಾಕಿದ. ಆ ದ್ರಾವಣ ಕಪ್ಪನ್ನೂ ತಡೆಯುತ್ತದೆ ಅಂತ ನಮಗಿಬ್ಬರಿಗೂ ಗೊತ್ತಿತ್ತು. ಆದರೂ ಬಿಸಿ ಯಂತ್ರದಿಂದ ಒಣಗಿ ಬಂದಾಗ ಬಟ್ಟೆಯ ಮೇಲೆ ಒಂದೇ ಒಂದು ಗುರುತಿರಲಿಲ್ಲ. ಕೆಲಸ ಉಳಿಯಿತು ಅಂತ ಇಬ್ಬರೂ ಮನೆಗೆ ಬರುವ ದಾರಿಯುದ್ದಕ್ಕೂ ಅತಿಯಾಗಿಯೇ ನಕ್ಕೆವು.

ಚಿಕ್ಕಪ್ಪ ಕತ್ತರಿಸಿ ಕೊಟ್ಟಿದ್ದ ತುಂಡನ್ನು ಈಗಷ್ಟೇ ಜೇಬಿನಿಂದ ತೆಗೆದು ದೀಪದ ಕೆಳಗೆ ಹರಡಿದೆ. ನನ್ನ ಕೈ ಇರಬೇಕಾದಲ್ಲಿ ಬರೀ ನೀಲಿ.

ಶ್ರೀಮಾನ್ ದೆವ್ವದವರು ಬಟ್ಟೆ ಬಿಟ್ಟು ಎಲ್ಲಿಗೆ ದಯಮಾಡಿಸಿದರೋ. ನಾನು ತೊಟ್ಟಿರುವುದೂ ನೈಲಾನ್ ಅಂಗಿಯೇ. ಬಿಚ್ಚಿ ಬೆನ್ನಿನ ಕಡೆ ನೋಡಬೇಕು. ನೋಡುತ್ತೇನೆ, ಇನ್ನು ಸ್ವಲ್ಪ ಹೊತ್ತಿನಲ್ಲಿ—