ಪೈಲ್ವಾನರ ಹುಟ್ಟೂರು

ಕೊಪ್ಪಳ
೧೮-೪-೧೯೪೮

ನನ್ನ ಪೈಲ್ವಾನರಿಗೆ ನಿಮ್ಮ ಶೇಖರಮ್ಮನ ನಮಸ್ಕಾರಗಳು.

ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ನೀವು ಮುಂಬೈಗೆ ಹೋಗಿ ಎಂಟು ತಿಂಗಳಾಯಿತು. ಮನೆಯಲ್ಲಿ ಅತ್ತೆ, ನಾನು ಇಬ್ಬರೇ ಇದ್ದರೂ ಹಿಟ್ಟು ನಾದುವಾಗ ನಿಮ್ಮ ಪಾಲಿನ ರೊಟ್ಟಿಗಳೂ ಸೇರಿಬಿಡುತ್ತವೆ. ಉಳಿದದ್ದನ್ನು ತಿಂದು ಎಮ್ಮೆಗೂ ನಿಮ್ಮಂಥ ಕತ್ತು ಬಂದಿದೆ.

ನಿಮ್ಮ ಪತ್ರ ತಲುಪಿತು. ಲಂಡನ್ನಿನ ಒಲಿಂಪಿಕ್ ಕುಸ್ತಿಗೆ ಹಿಂದುಸ್ತಾನದ ತಂಡ ಆರಿಸುವವರು ಕೊಟ್ಟ ಅರ್ಜಿಯಲ್ಲಿ ನೀವು ಹುಟ್ಟಿದ ಊರು ಕೊಪ್ಪಳ ಎಂದು ಬರೆದಿರಂತೆ. ಗುಮಾಸ್ತ ಅದನ್ನು ನೋಡಿ, ಅದು ನಿಜಾಮರ ಸೀಮೆ, ನೀನು ಹಿಂದುಸ್ತಾನದವನು ಹೇಗಾಗುತ್ತೀ ಎಂದನಂತೆ. ನಮ್ಮಲ್ಲಿ ಯಾರನ್ನು ಕೇಳಿದರೂ ಅಪ್ಪನ ಊರನ್ನೇ ಹೇಳುತ್ತಾರೆ, ನೀವೂ ಹಾಗೇ ಮಾಡಿದ್ದೀರಿ. ನಿಜವಾಗಿ ಎಲ್ಲಿ ಹುಟ್ಟಿದ್ದು, ಅವ್ವನನ್ನು ಕೇಳಿ ಬರೆ ಎಂದಿದ್ದೀರಿ. ಕೇಳಿದೆ. ಇಲ್ಲೇ, ನಮ್ಮ ನಡುಮನೆಯಲ್ಲೇ ಹುಟ್ಟಿದಿರಂತೆ.

ಇನ್ನು ಅವರು ನಿಮ್ಮನ್ನು ಕರೆದೊಯ್ಯಲಾರರು. ಬಂದುಬಿಡಿ. ಕುಸ್ತಿಯಲ್ಲಿ ಜಜ್ಜಿಹೋದ ನಿಮ್ಮ ಎಡಗಿವಿಯ ಕಡೆ ನಿಂತು ಹೇಳಿದ್ದು ನಿಮಗೆ ಕೇಳುವುದೇ ಇಲ್ಲವೆಂದು ಎಷ್ಟು ಜಗಳವಾಡಿದ್ದೇನೆ! ಈಗ ಆ ಕಡೆಗಾದರೂ ನಿಂತು ನಾಲ್ಕು ಮಾತಾಡುವ ಆಸೆ. ಊರಲ್ಲಿ ರಜಾಕಾರರ ಭಯ, ಸಂಜೆಯಾದರೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ನೀವಿದ್ದರೆ ನಮ್ಮ ಬಾಗಿಲು ತೆರೆದಿರುತ್ತಿತ್ತು. ನಿಮ್ಮನ್ನು ಕಾಣದೆ ನನಗೆ ಸಾಕಾಗಿದೆ.

ದಾರಿ ಕಾಯುತ್ತಿರುವ,
ಶೇಖರಮ್ಮ

ತಾಜಾಕಲಂ: ಈ ಪತ್ರವನ್ನು ಹೊಳೆಯಾಚೆ ಹೊಸಪೇಟೆಯಲ್ಲಿ ಟಪಾಲಿಗೆ ಹಾಕಲು ಬಳೆಗಾರ ಮಕ್ಬುಲಸಾಬರು ಬಂದು ನಿಂತಿದ್ದಾರೆ. "ಮುಗೀತೇನವಾ ತಂಗಿ? ದೋಣಿ ಹೋಗತೈತಿ" ಎಂದು ಎರಡು ಸಲ ಕೇಳಿದರು. ಕೊಡಲು ಕೈ ಬರುತ್ತಿಲ್ಲ.

ನೀವು ಇಲ್ಲಿ ಹುಟ್ಟಲಿಲ್ಲ. ನಾನು ಕೇಳಿದಾಗ ಅತ್ತೆ ನಕ್ಕುಬಿಟ್ಟರು. "ಚೊಚ್ಚಲ ಹೆರಿಗಿಗೆ ಯಾರರ ಗಂಡನ ಮನ್ಯಾಗ ಇರ್ತಾರೇನ? ನನ್ನ ತವರು ಹೊಸಪ್ಯಾಟ್ಯಾಗ ಹಡದೇನಿ. ಮೂರು ತಿಂಗಳ ಕೂಸಿನ್ನ ಎತ್ಕೊಂಡು ಹೊಳಿ ದಾಟಿ ಬಂದೆ" ಎಂದರು. ಹೊಸಪೇಟೆ ಹಿಂದುಸ್ತಾನಕ್ಕೆ ಸೇರಿದ್ದು, ಅರ್ಜಿಯಲ್ಲಿ ಅದನ್ನೇ ಬರೆಯಿರಿ. ಅಲ್ಲಿಯ ಜನನದ ದಾಖಲೆ ತೆಗೆಸಿ ನೇರ ಮುಂಬೈಗೆ ಕಳಿಸಲು ನಿಮ್ಮ ಸೋದರಮಾವ ವಿರುಪಣ್ಣನವರಿಗೆ ಮಕ್ಬುಲಸಾಬರ ಕೈಯಲ್ಲೇ ಚೀಟಿ ಕೊಟ್ಟಿದ್ದೇನೆ.

ಮೇಲಿನದನ್ನು ಹರಿದುಹಾಕಲು ಮನಸ್ಸಾಗಲಿಲ್ಲ. ಅದರಲ್ಲಿ ನಡುಮನೆಯ ಮಾತೊಂದೇ ಸುಳ್ಳು.