ಕೊನೆಯ ಎಪ್ಪತ್ತೆಂಟು ಕಿಲೋಮೀಟರ್

ಹಟಮಾರಿ ಅಣ್ಣ ವ್ಲಾಸ್ತಾ,

ನಿನ್ನ ಪಸ್ಸಾಟ್ ಕಾರು ನಮ್ಮೂರು ಮೊಕ್ರಿನ್‌ಗೆ ಬಂತು. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡಿದರೆ ನಿನಗೆ ಆಗುತ್ತಿರಲಿಲ್ಲ. ಅಂಗಳದ ಮರದ ಕೆಳಗೆ ನಿಂತಿದೆ. ಎಡಗನ್ನಡಿಗೆ ನೀನು ಸುತ್ತಿದ ಅಂಟುಪಟ್ಟಿ ಹಾಗೇ ಇದೆ. ನೀನು ತೀರಿಕೊಂಡು ಇಂದಿಗೆ ನಲವತ್ತೊಂದು ದಿನ. ಸತ್ತವರಿಗೆ ಪತ್ರ ಬರೆಯುವ ಹುಚ್ಚು ನನಗಿಲ್ಲ. ಆದರೆ ಹಂಗೇರಿ ಅಂಚಿನ ನಮ್ಮ ಹೊರ್ಗೋಶ್ ಗಡಿಯಲ್ಲಿ ಇಪ್ಪತ್ತಾರು ವರ್ಷ ಕಂಡವರ ಗಾಡಿಗಳಿಗೆ ಸುಂಕದ ಅರ್ಜಿ ಬರೆದುಕೊಟ್ಟವಳು ನಾನು. ಈ ಗಾಡಿಯದನ್ನೂ ಕಾಗದಕ್ಕೆ ಇಳಿಸದಿದ್ದರೆ ಕೆಲಸ ಮುಗಿದಂತಾಗುವುದಿಲ್ಲ.

ನಿನ್ನನ್ನು ಜರ್ಮನಿಯ ಉಲ್ಮ್‌ನಲ್ಲೇ ಮಣ್ಣು ಮಾಡಿಬಿಟ್ಟಿದ್ದರು. ನನಗೆ ಸುದ್ದಿ ತಲುಪಿದ್ದು ವಾರದ ಮೇಲೆ, ನಿನ್ನ ಮನೆಯೊಡತಿಯಿಂದ. "ಗಾಡಿ ಇದೆ. ತೊಗೊಂಡು ಹೋಗ್ತೀರಾ, ಗುಜರಿಗೆ ಹಾಕ್ಲಾ?" ಎಂದು ಕೇಳಿದಳು. ನಿನ್ನದು ಅಂತ ಊರಿಗೆ ಬರುವುದು ಇನ್ನು ಅದೊಂದೇ. ನಲವತ್ತನೆಯ ದಿನದ ಪೂಜೆಗೆ ಅದು ಅಂಗಳದಲ್ಲಿ ನಿಂತಿರಲೇಬೇಕು ಅನ್ನಿಸಿತು. ಚಿಕ್ಕಪ್ಪನ ಮಗ ಸ್ರೆತೆನ್‌ನನ್ನು ಎಬ್ಬಿಸಿಕೊಂಡು ಹೊರಟೆ. ಅವನ ಕಸುಬು ಗೊತ್ತಲ್ಲ: ತಿಂಗಳಿಗೆ ಮೂರು ಸಲ ಜರ್ಮನಿಗೆ ಹೋಗುವುದು, ಹಳೇ ಗಾಡಿ ತರುವುದು, ಮಾರುವುದು.

ಒಂಬತ್ತು ವರ್ಷ ನಾವು ಮಾತಾಡಿರಲಿಲ್ಲ. ತಪ್ಪು ಯಾರದು ಎಂದು ಈಗ ವಾದ ಬೇಡ. ಬಾಯಿ ಮಾತ್ರ ನನ್ನದೇ. ಅಮ್ಮನ ಮಣ್ಣಿನ ದಿನ, ಆಗಸ್ಟ್ ಹದಿನೇಳು, ನೀನು ಬಂದು ಮುಟ್ಟಿದಾಗ ಗುಂಡಿ ಮುಚ್ಚಿಯಾಗಿತ್ತು. "ಗಡಿ ಸಾಲಲ್ಲಿ ಒಂಬತ್ತು ಗಂಟೆ ಸಿಕ್ಕಾಕೊಂಡೆ ಕಣೇ" ಎಂದೆ. ನಾನು ಊರವರ ಎದುರಿಗೇ, "ಹಾಗಿದ್ರೆ ಗಡಿ ಆಚೆಗೇ ಇರು. ಇನ್ನು ಈಚೆಗೆ ಕಾಲಿಡಬೇಡ" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದೆರಡು ವರ್ಷದಲ್ಲಿ ನೀನೇ ಬಂದು ಬಾಗಿಲು ತಟ್ಟುತ್ತೀಯೆಂದು ಕಾದೆ. ನೀನು ಬರಲಿಲ್ಲ, ನಾನು ಕರೆಯಲಿಲ್ಲ.

ಇರಲಿ, ಗಾಡಿಯ ಕಥೆಗೆ ಬರುತ್ತೇನೆ. ಗಾಡಿ ತೊಗೊಂಡು ವಾಪಸ್ಸು ಬರುವಾಗ ವಿಯೆನ್ನಾ ದಾಟಿದ ಮೇಲೆ ಒಂದು ಕಡೆ ನಿಂತೆವು. ನಾನು ಕಾಫಿಗೆ ಹೋಗಿ ಬರುವಷ್ಟರಲ್ಲಿ ಸ್ರೆತೆನ್ ತನ್ನ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕುತ್ತಿದ್ದ, ಮುಖದಲ್ಲಿ ಕಳ್ಳನಗೆ. ಹುಡುಗಿಯರ ಫೋಟೋ ನೋಡುತ್ತಿದ್ದನೇನೋ ಎಂದುಕೊಂಡು ಸುಮ್ಮನಾದೆ. ಅವನು ಮಾಡಿದ್ದು ಏನೆಂದು ಗೊತ್ತಾಗಿದ್ದು ಮಧ್ಯಾಹ್ನ, ನಮ್ಮ ಗಡಿಯ ಸುಂಕದ ಕಟ್ಟೆಯಲ್ಲಿ.

ಅಲ್ಲಿನ ಅಧಿಕಾರಿ ಯಾಸ್ನಾ ನನಗೆ ಇಪ್ಪತ್ತು ವರ್ಷದ ಪರಿಚಯ. ದಿನಾ ಒಟ್ಟಿಗೆ ಬುರೆಕ್ ತಿನ್ನುತ್ತೇವೆ, ಆದರೆ ಕೆಲಸಕ್ಕೆ ಕೂತರೆ ಅವಳಿಗೆ ಹೆತ್ತ ತಾಯಿಯೂ ಪ್ರಯಾಣಿಕಳೇ. ಗಾಡಿಯೊಳಗೆ ಬಗ್ಗಿ ನೋಡಿ ಬಂದು, "ರಾದಾ, ಜರ್ಮನಿಯ ತಪಾಸಣೆ ಕಾಗದದಲ್ಲಿ ನಾಲ್ಕು ಲಕ್ಷ ಕಿಲೋಮೀಟರ್ ದಾಟಿದೆ. ಮೀಟರಿನಲ್ಲಿ ಒಂದು ಲಕ್ಷದ ಅರವತ್ತೆರಡು ಸಾವಿರ. ಯಾವ ಗಾಡಿನೇ ಇದು?" ಎಂದಳು.

ನಾನು ಸ್ರೆತೆನ್‌ನ ಕಡೆ ತಿರುಗಿದೆ. ಅವನ ಕಿವಿ ಕೆಂಪಾಗಿತ್ತು.

"ಅಕ್ಕಾ, ಬೈಬೇಡ. ಬೇರೆಯವರಾಗಿದ್ರೆ ದುಡ್ಡು ಇಸ್ಕೋತಿದ್ದೆ. ಇದು ವ್ಲಾಸ್ತಣ್ಣನ ಮೇಲಿನ ಪ್ರೀತಿಗೆ ಮಾಡಿದ್ದು. ಲ್ಯಾಪ್‌ಟಾಪ್ ಹಚ್ಚಿ ಮೀಟರ್ ಹಿಂದಕ್ಕೆ ತಿರುಗಿಸ್ದೇನೆ ಗಾಡಿನ ಊರಿಗೆ ತರೋದು ಅಂದ್ರೆ, ಕ್ಷೌರ ಮಾಡಿಸ್ದೆ ಮದುಮಗನ್ನ ಕರ್ಕೊಂಡು ಹೋದ ಹಾಗೆ. ನಾಕು ಜನ ಏನಂತಾರೆ?"

"ನಾನು ಇದನ್ನ ಮಾರ್ತೀನಿ ಅಂತ ಯಾವನೋ ಹೇಳಿದ್ದು ನಿಂಗೆ?"

"ಮಾರದಿದ್ರೇನಕ್ಕಾ, ಮರ್ಯಾದೆ ಅಂತ ಒಂದಿಲ್ವಾ?"

ನಗಬೇಕೋ ಬಾರಿಸಬೇಕೋ ತಿಳಿಯಲಿಲ್ಲ. ತಾತ್ಕಾಲಿಕ ನಂಬರ್ ಪ್ಲೇಟಿನ ಅವಧಿ ಅಂದೇ ಮುಗಿಯುತ್ತಿತ್ತು. ಇದು ಅದೇ ಗಾಡಿ ಎಂದು ಸಂಜೆಯೊಳಗೆ ತೋರಿಸದಿದ್ದರೆ ವಾಪಸ್ಸು ಹಂಗೇರಿ ಕಡೆಗೆ, ಅಲ್ಲಿಂದ ಗುಜರಿಗೆ. ಅಣ್ಣನದು, ನಲವತ್ತನೆಯ ದಿನ, ಎಂದೆಲ್ಲ ಹೇಳಿಕೊಂಡೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು. "ನನ್ನ ಜಾಗದಲ್ಲಿ ನೀನಿದ್ರೆ ಬಿಡ್ತಿದ್ಯಾ?" ಎಂದಳು ಯಾಸ್ನಾ. ಬಿಡುತ್ತಿರಲಿಲ್ಲ.

ಆಗ ನಿನ್ನ ಹಸಿರು ರಟ್ಟಿನ ಪುಸ್ತಕ ನೆನಪಾಯಿತು. ಡೀಸೆಲ್ ಹಾಕಿಸಿದಾಗಲೆಲ್ಲ ದಿನ, ಊರು, ಮೀಟರ್ ಮೂರನ್ನೂ ಬರೆಯುತ್ತಿದ್ದೆಯಲ್ಲ, ಅದು. ಉಲ್ಮ್‌ನಲ್ಲೇ ಗಾಡಿಯೊಳಗೆ ಸಿಕ್ಕಿತ್ತು. ನಿನ್ನ ಕೈಬರಹ ನೋಡಲು ಧೈರ್ಯ ಸಾಲದೆ ತೆರೆದಿರಲಿಲ್ಲ. ಅದನ್ನೇ ಯಾಸ್ನಾಳ ಮುಂದಿಟ್ಟೆ.

ಅವಳು ಕನ್ನಡಕ ಏರಿಸಿ ಒಂದೊಂದೇ ಸಾಲು ನೋಡಿದಳು. ಕೊನೆಯ ಸಾಲು ಉಲ್ಮ್, 4,11,860. ಚಾಸಿ ನಂಬರ್ ಸರಿಹೋಯಿತು, ತಪಾಸಣೆ ಕಾಗದಕ್ಕೂ ಪುಸ್ತಕಕ್ಕೂ ತಾಳೆಯಾಯಿತು. ಬದುಕಿದೆ ಎಂದುಕೊಳ್ಳುತ್ತಿದ್ದಂತೆ ಅವಳು ಮತ್ತೆ ಹಿಂದಿನ ಪುಟಗಳಿಗೆ ಹೋದಳು.

"ನಿಮ್ಮಣ್ಣ ಊರ ಕಡೆ ತಲೆ ಹಾಕೋದೇ ಬಿಟ್ಟಿದ್ದ ಅಂತಿದ್ಯಲ್ಲೇ?"

"ಹೂಂ. ಒಂಬತ್ತು ವರ್ಷ ಆಯ್ತು."

"ಮತ್ತೆ ಇದೇನು? ಆಗಸ್ಟ್ ಹದಿನೇಳು, ರ್‍ಯೋಸ್ಕೆ. ಮುಂದಿನ ವರ್ಷ ಆಗಸ್ಟ್ ಹದಿನೇಳು, ರ್‍ಯೋಸ್ಕೆ. ಹೆಚ್ಚುಕಮ್ಮಿ ಪ್ರತಿ ವರ್ಷಾನೂ ಇದೆ. ಮಾರನೇ ದಿನ ಮತ್ತೆ ವಿಯೆನ್ನಾ."

ರ್‍ಯೋಸ್ಕೆ ಅಂದರೆ ಗಡಿಯ ಆಚೆ ಬದಿಯ ಕೊನೆಯ ಬಂಕು. ನನ್ನ ಮೇಜಿನಿಂದ ನಡೆದರೂ ಅರ್ಧ ಗಂಟೆಯ ದಾರಿ.

ಎಂಟು ಸಲ ಬಂದಿದ್ದೀಯೆ. ಕೊರೊನಾ ರೋಗದಿಂದ ಗಡಿ ಮುಚ್ಚಿದ ವರ್ಷ ಮಾತ್ರ ವಿಯೆನ್ನಾದಿಂದಲೇ ತಿರುಗಿದ್ದೀಯೆ. ಸಾವಿರ ಕಿಲೋಮೀಟರ್ ಬಂದು, ಅಲ್ಲಿ ನಿಂತು, ವಾಪಸ್ಸು. ಮೊದಲಿನ ವರ್ಷಗಳಲ್ಲಿ ಊರಿಗೆ ಬಂದಾಗ ನೀನು ಮೊಕ್ರಿನ್ ಎಂದು ಬರೆಯುತ್ತಲೇ ಇರಲಿಲ್ಲ, 'ಮನೆ' ಎಂದು ಬರೆಯುತ್ತಿದ್ದೆ. ಆಮೇಲೆ ಆ ಪದವೇ ಪುಸ್ತಕದಲ್ಲಿಲ್ಲ. ಅಷ್ಟೂ ಆಗಸ್ಟ್ ಹದಿನೇಳುಗಳಲ್ಲಿ ನಾನು ಕಿಟಕಿಯ ಹಿಂದೆ ಕೂತು ಯಾರು ಯಾರದೋ ಗಾಡಿಗಳನ್ನು ದೇಶದೊಳಗೆ ಬಿಡಿಸಿಕೊಡುತ್ತಿದ್ದೆ. ಅಣ್ಣಾ, ಹುಟ್ಟಿದಾಗಿನಿಂದ ಒಂದು ದಿನವೂ ನನ್ನ ಮಾತು ಕೇಳದವನು ನೀನು. ಇದೊಂದನ್ನು ಕೇಳಬೇಕಿತ್ತೇ? ಕೌಂಟರಿಗೆ ಹಣೆಯಿಟ್ಟು ಅತ್ತೆ. ಸಾಲಿನಲ್ಲಿದ್ದವರು ಸುಂಕ ಜಾಸ್ತಿಯಾಯಿತೆಂದು ಅಳುತ್ತಿದ್ದಾಳೆ ಅಂದುಕೊಂಡಿರಬೇಕು.

ಯಾಸ್ನಾ ಮೊಹರು ಒತ್ತಿ, "ಹೋಗು, ಕರ್ಕೊಂಡು ಹೋಗು" ಎಂದಳು. ಸ್ರೆತೆನ್‌ನಿಂದ ಕೀಲಿ ಕಿತ್ತುಕೊಂಡು ನಾನೇ ಓಡಿಸಿದೆ.

ನಿನ್ನೆ ಪೂಜೆಗೆ ಬೇಯಿಸಿದ ಗೋಧಿ ಹಂಚಿದೆವು. ಎದುರು ಮನೆಯ ಮುದುಕ ಮಿಲುಟಿನ್ ಗಾಡಿಯೊಳಗೆ ಇಣುಕಿ, "ಒಂದು ಲಕ್ಷದ ಅರವತ್ತೆರಡು ಸಾವಿರವೇ? ಯಾರೋ ಜರ್ಮನ್ ಅಜ್ಜಿ ಚರ್ಚಿಗೆ ಮಾತ್ರ ಓಡಿಸಿದ್ದಿರಬೇಕು!" ಎಂದು ನಕ್ಕ. ಸ್ರೆತೆನ್ ಎದೆಯುಬ್ಬಿಸಿದ. ನಾನು ಜನ ಹೋದ ಮೇಲೆ ಹಸಿರು ಪುಸ್ತಕ ತೆರೆದು, ಉಲ್ಮ್‌ನಿಂದ ಗಡಿಗೆ ಸಾವಿರದ ಹತ್ತು, ಗಡಿಯಿಂದ ಇಲ್ಲಿಗೆ ಎಪ್ಪತ್ತೆಂಟು ಎಂದು ಕೂಡಿದೆ. ನಿನ್ನ ಕೊನೆಯ ಸಾಲಿನ ಕೆಳಗೆ ದಿನ ಹಾಕಿ 4,12,948 ಎಂದು ಬರೆದೆ. ಊರಿನ ಜಾಗದಲ್ಲಿ 'ಮನೆ' ಎಂದು ಬರೆದೆ.

ಆ ಪರ ಊರಿನ ಮಣ್ಣು ನಿನ್ನ ಮೇಲೆ ಹಗುರವಾಗಿರಲಿ.

ಗಡಿಯ ಈಚೆಯಿಂದ, ಬಾಯಿಬಡುಕಿ ತಂಗಿ,
ರಾದಾ